ಒಂದು ಕೆಮ್ಮು, ಎರಡು ಚರಿತ್ರೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯೆಂದೊಡನೆ ವಾಚಕರ ಮನಸ್ಸಿಗೆ ಬರುವುದು ಕೋಟೆ, ಕಾಳಗ, ಹೊಯ್ಸಳರ ಗುಡಿ, ಕನ್ನಂಬಾಡಿಯ ಕಟ್ಟೆ. ರೋಗಕ್ಕೂ ಒಂದು ಚರಿತ್ರೆಯುಂಟು. ಅದನ್ನು ಬರೆದಿಡುವವರು ಕಡಮೆ. ಟಿಪ್ಪುವಿನ ಪತನದ ತರುವಾಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ದಂಡು 1809ರಲ್ಲಿ ಬೆಂಗಳೂರಿಗೆ ಹೊರಟದ್ದು ಯಾವ ಶತ್ರುವಿಗೂ ಹೆದರಿ ಅಲ್ಲ, ಆ ದ್ವೀಪದ ಚಳಿಜ್ವರಕ್ಕೆ ಹೆದರಿ. ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದರಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗೂ ಒಂದು ಪಾಲುಂಟೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ನಾನು ಹೇಳಹೊರಟದ್ದು ಚಳಿಜ್ವರದ ವಿಷಯವಲ್ಲ, ಕೆಮ್ಮಿನ ವಿಷಯ. ಕಫದಲ್ಲಿ ರಕ್ತ ಕಂಡು, ಮೈ ಇಳಿದು, ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುತ್ತಿದ್ದರೆ ನಮ್ಮ ಸೀಮೆಯಲ್ಲಿ ಅದಕ್ಕೆ ತಲೆಮಾರುಗಳಿಂದ ಒಂದೇ ಅರ್ಥ. ಪಂಡಿತರು ರಾಜಯಕ್ಷ್ಮವೆಂದರು, ಡಾಕ್ಟರು ಟಿ.ಬಿ. ಎಂದರು, ಮನೆಯವರು ಕ್ಷಯವೆಂದು ಪಿಸುಗುಟ್ಟಿದರು. ಇದೇ ಲಕ್ಷಣಗಳನ್ನು ಹೊತ್ತ ಇನ್ನೊಂದು ರೋಗ ಅದರ ನೆರಳಿನಲ್ಲಿ ಬಂದು ಕುಳಿತದ್ದು, ಅದಕ್ಕೊಂದು ಚಿಕಿತ್ಸೆ ಹುಟ್ಟಿದ ಬಗೆ, ಆ ಚಿಕಿತ್ಸೆ ನಮ್ಮವರಿಗೆ ಎಷ್ಟು ದೂರದಲ್ಲಿತ್ತೆಂಬುದು, ಇವೇ ಈ ಲೇಖನದ ವಿಷಯ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಶಬ್ದಗಳ ಬೆನ್ನು ಹತ್ತಿ ಹೋಗುವುದು ನನ್ನ ವೃತ್ತಿಗೆ ಅಂಟಿದ ಚಟ. ಈ ವಿಷಯಕ್ಕೆ ನಾನು ಬಂದದ್ದೂ ಅರ್ಧ ಆ ದಾರಿಯಿಂದಲೇ.

ಮೈಸೂರಿನಿಂದ ಕನ್ನಂಬಾಡಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಊರಿನ ಅಂಚಿನಲ್ಲಿ, ಪಿ.ಕೆ. ಸ್ಯಾನಟೋರಿಯಂ ಎಂಬ ಹೆಸರಿನಿಂದ ಪ್ರಸಿದ್ಧವಾದ ಕ್ಷಯರೋಗದ ಆಸ್ಪತ್ರೆಯುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ಕಟ್ಟಿಸಿದ ಇದು 1921ರಲ್ಲಿ ಬಾಗಿಲು ತೆರೆಯಿತು. ಆಕೆಯೂ ಆಕೆಯ ಹೆಣ್ಣುಮಕ್ಕಳೂ ಕ್ಷಯಕ್ಕೇ ತುತ್ತಾದವರು. ಅರಮನೆಯ ವೈದ್ಯವೂ ಅರಮನೆಯ ಹಾಲುಬೆಣ್ಣೆಯೂ ಉಳಿಸಲಾರದೆ ಹೋದ ಜೀವಗಳ ಹೆಸರಿನಲ್ಲಿ ಬಡವರಿಗೆ ಒಂದು ಆಸ್ಪತ್ರೆ ಎದ್ದಿತು. ಆ ಕಾಲಕ್ಕೆ ಕ್ಷಯಕ್ಕೆ ಔಷಧವಿರಲಿಲ್ಲ. ತೆರೆದ ಗಾಳಿ, ಬಿಸಿಲು, ಹಾಸಿಗೆ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ: ಇಷ್ಟೇ ಚಿಕಿತ್ಸೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಲ್ಲಿಯವರೆಗೆ ನಮ್ಮ ನಾಲ್ಕು ತಾಲ್ಲೂಕುಗಳೂ ಮೈಸೂರು ಜಿಲ್ಲೆಗೆ ಸೇರಿದ್ದುವು. ಜಿಲ್ಲೆ ಬೇರೆಯಾದರೂ ಎದೆಯ ರೋಗವೆಂದರೆ ಮೈಸೂರಿನ ದಾರಿ ಹಿಡಿಯುವ ರೂಢಿ ಹೋಗಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಬೆಂಗಳೂರು ಮೈಸೂರು ರೈಲು ಇತ್ತು. ಕೃಷ್ಣರಾಜಪೇಟೆಯ ಕೆಲವು ಹಳ್ಳಿಗಳವರಿಗೆ ಅಕ್ಕಿಹೆಬ್ಬಾಳಿನಲ್ಲಿ ಅರಸೀಕೆರೆಯ ರೈಲು ಸಿಗುತ್ತಿತ್ತು. ನಾಗಮಂಗಲದವರಿಗೆ ಎತ್ತಿನ ಗಾಡಿ, ಆಮೇಲೆ ಬಸ್ಸು. ಹೋದವರಲ್ಲಿ ಕೆಲವರು ಮೈತುಂಬಿ ಬಂದರು, ಹಲವರು ಬರಲಿಲ್ಲ.

ಆಮೇಲೆ ಸ್ಟ್ರೆಪ್ಟೊಮೈಸಿನ್ ಬಂದಿತು, ಐಸೊನಿಯಾಜಿಡ್ ಬಂದಿತು. 1956ರಲ್ಲಿ ಮದರಾಸಿನಲ್ಲಿ ಒಂದು ಸಂಶೋಧನ ಸಂಸ್ಥೆಯನ್ನು ತೆರೆದರು. ಅದರ ಹೆಸರನ್ನು ವಾಚಕರು ಗಮನಿಸಬೇಕು: ಕ್ಷಯ ಕೀಮೋಥೆರಪಿ ಕೇಂದ್ರ. ಕೀಮೋಥೆರಪಿ ಎಂಬುದು ಜರ್ಮನಿಯ ಪಾಲ್ ಎರ್ಲಿಕ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಳಕೆಗೆ ತಂದ ಮಾತು. ರಾಸಾಯನಿಕ ದ್ರವ್ಯದಿಂದ ರೋಗವನ್ನು ಹೊಡೆಯುವುದು ಎಂದಷ್ಟೇ ಅದರ ಅರ್ಥ. ಇಂದು ಆ ಮಾತು ಕಿವಿಗೆ ಬಿದ್ದರೆ ತಲೆಗೂದಲು ಉದುರಿದ ಮುಖವೊಂದು ಕಣ್ಣಿಗೆ ಕಟ್ಟುತ್ತದೆ. 1956ರ ಮದರಾಸಿನಲ್ಲಿ ಅದರ ಅರ್ಥ ಕ್ಷಯದ ಮಾತ್ರೆ. ಆ ಕೇಂದ್ರದವರು ಬಡ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿಯೂ ಇನ್ನೊಂದಕ್ಕೆ ಅವರವರ ಕಿಕ್ಕಿರಿದ ಮನೆಗಳಲ್ಲಿಯೂ ಒಂದು ವರ್ಷ ಅದೇ ಔಷಧ ಕೊಟ್ಟು ನೋಡಿದರು. 1959ರಲ್ಲಿ ಪ್ರಕಟವಾದ ಫಲಿತಾಂಶ ಲೋಕವನ್ನೇ ಬೆರಗುಗೊಳಿಸಿತು. ಹಾಲು, ಮೊಟ್ಟೆ, ಹಾಸಿಗೆ ಯಾವುದೂ ಇಲ್ಲದ ಮನೆಯ ರೋಗಿಗಳೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಗಿ, 1962ರಿಂದ ದೇಶದ ಜಿಲ್ಲೆ ಜಿಲ್ಲೆಗೂ ಕ್ಷಯದ ಕಾರ್ಯಕ್ರಮ ಹಬ್ಬತೊಡಗಿತು. ಕ್ಷಯದ ಔಷಧ ಹಳ್ಳಿಯ ಬಾಗಿಲಿಗೆ ಬಂದದ್ದು ಹೀಗೆ. ನಮ್ಮ ದೇಶದ ವೈದ್ಯಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ. ಆದರೆ ಇದರಿಂದ ಇನ್ನೊಂದು ಅಭ್ಯಾಸವೂ ಬೆಳೆಯಿತು: ಕೆಮ್ಮು ಬಹಳ ದಿನ ನಿಂತಿತೆ, ಎಕ್ಸ್‌ರೇಯಲ್ಲಿ ಬಿಳಿಯ ಮಬ್ಬು ಕಂಡಿತೆ, ಮಾತ್ರೆ ಆರಂಭಿಸು.

ಈಗ ಎರಡನೆಯ ಚರಿತ್ರೆ. ಸುಶ್ರುತ ಸಂಹಿತೆಯಲ್ಲಿ ಅರ್ಬುದವೆಂಬ ಹೆಸರಿನಲ್ಲಿ ಬೆಳೆಯುವ ಗಡ್ಡೆಗಳ ವರ್ಣನೆಯಿದೆ. ಗ್ರೀಕರು ಕಾಲು ಚಾಚಿದ ಗಡ್ಡೆಯನ್ನು ಕಂಡು ಕಾರ್ಕಿನೋಸ್, ಅಂದರೆ ಏಡಿ ಎಂದರು. ಲ್ಯಾಟಿನ್ನಿನಲ್ಲಿ ಅದೇ ಕ್ಯಾನ್ಸರ್ ಆಯಿತು. ಕನ್ನಡದ ವಿಜ್ಞಾನ ಲೇಖಕರು ಏಡಿಗಂತಿ ಎಂಬ ಸೊಗಸಾದ ಮಾತನ್ನು ಮಾಡಿಕೊಟ್ಟರೂ ಜನ ಅದನ್ನು ಮುಟ್ಟಲಿಲ್ಲ; ಕ್ಯಾನ್ಸರ್ ಎಂಬ ಶಬ್ದವೇ ಗೆದ್ದಿತು. ಶ್ವಾಸಕೋಶದ ಕ್ಯಾನ್ಸರಂತೂ ನೂರು ವರ್ಷದ ಹಿಂದೆ ವಿದೇಶಗಳಲ್ಲಿಯೂ ಅಪರೂಪದ ವಸ್ತು. 1912ರಲ್ಲಿ ನ್ಯೂಯಾರ್ಕಿನ ಐಸಾಕ್ ಆಡ್ಲರ್ ಜಗತ್ತಿನಲ್ಲೆಲ್ಲ ವರದಿಯಾದ ಪ್ರಕರಣಗಳನ್ನು ಹುಡುಕಿ ಒಟ್ಟುಮಾಡಿದಾಗ ಸಿಕ್ಕಿದ್ದು 374. ಇಷ್ಟು ವಿರಳವಾದ ರೋಗದ ಮೇಲೆ ಒಂದು ಗ್ರಂಥ ಬರೆಯುವುದು ಉಚಿತವೆ ಎಂಬ ಸಂಕೋಚ ಆತನಿಗೇ ಇದ್ದಿತು. ಎರಡು ಮಹಾಯುದ್ಧಗಳ ಕಾಲದಲ್ಲಿ ಸಿಗರೇಟು ಸಿಪಾಯಿಯ ಚೀಲದಿಂದ ಎಲ್ಲರ ಜೇಬಿಗೂ ಹೋದ ಮೇಲೆ ಆ ವಿರಳತೆ ಉಳಿಯಲಿಲ್ಲ. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಂ, ಧೂಮಪಾನಕ್ಕೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿಕೊಟ್ಟರು.

ಈ ಎವಾರ್ಟ್ಸ್ ಗ್ರಹಾಂ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಸೇಂಟ್ ಲೂಯಿ ನಗರದ ಈ ಶಸ್ತ್ರವೈದ್ಯ 1933ರ ಏಪ್ರಿಲ್‌ನಲ್ಲಿ ಜೇಮ್ಸ್ ಗಿಲ್ಮೋರ್ ಎಂಬ ವೈದ್ಯನ ಒಂದು ಪಕ್ಕದ ಶ್ವಾಸಕೋಶವನ್ನೇ ಪೂರ್ತಿಯಾಗಿ ತೆಗೆದು, ಶ್ವಾಸಕೋಶದ ಕ್ಯಾನ್ಸರನ್ನು ಗುಣಪಡಿಸಬಹುದೆಂದು ಲೋಕಕ್ಕೆ ತೋರಿಸಿದ. ಸ್ವತಃ ಗ್ರಹಾಂ ಬಹುಕಾಲ ಸಿಗರೇಟು ಸೇದುತ್ತಿದ್ದವನು. ತನ್ನ ಸಂಶೋಧನೆಯನ್ನು ತಾನೇ ನಂಬಿ ಬಿಡುವ ಹೊತ್ತಿಗೆ ತಡವಾಗಿತ್ತು. 1957ರಲ್ಲಿ ಅದೇ ರೋಗದಿಂದ ತೀರಿಕೊಂಡ. ಆಗಲೂ ಗಿಲ್ಮೋರ್ ಒಂದೇ ಶ್ವಾಸಕೋಶದಲ್ಲಿ ಬದುಕಿದ್ದ.

ಕೊಯ್ದು ತೆಗೆಯುವುದು ರೋಗ ಒಂದೆಡೆ ಅಡಗಿರುವಾಗ ಮಾತ್ರ ಸಾಧ್ಯ. ಎದೆಗೂಡಿನ ನಡುವಿನ ಗ್ರಂಥಿಗಳಿಗೆ ಹಬ್ಬಿದರೆ ಕತ್ತಿ ಬಹುಮಟ್ಟಿಗೆ ನಿಷ್ಪ್ರಯೋಜಕ; ಎಲುಬು, ಪಿತ್ತಕೋಶ, ಮಿದುಳುಗಳಿಗೆ ಹೋದರಂತೂ ಕೇಳುವುದೇ ಬೇಡ. ವೈದ್ಯರು ಇದಕ್ಕೆ ‘ಮುಂದುವರಿದ’ ಕ್ಯಾನ್ಸರ್ ಎನ್ನುತ್ತಾರೆ. ಮುಂದುವರಿದ ದೇಶ, ಮುಂದುವರಿದ ಜನ ಎಂದು ಹೊಗಳಿಕೆಗೆ ಬಳಸುವ ಮಾತು ಇಲ್ಲಿ ಹೀಗೆ ತಿರುಗಿ ನಿಲ್ಲುತ್ತದೆ. ಅಂಥ ರೋಗಿಗೆ ಉಳಿದ ಆಯುಧಗಳು ಎರಡು, ವಿಕಿರಣ ಮತ್ತು ಔಷಧ.

ರಾಂಟ್ಜನ್ ಕ್ಷಕಿರಣವನ್ನು ಕಂಡದ್ದು 1895ರಲ್ಲಿ. ವರ್ಷ ತುಂಬುವುದರೊಳಗೆ ಅದನ್ನು ಗಡ್ಡೆಗಳ ಮೇಲೆ ಹಾಯಿಸಿ ನೋಡಿದವರುಂಟು. ಮೊದಮೊದಲ ಕಿರಣಗಳು ಚರ್ಮವನ್ನು ಸುಡುತ್ತಿದ್ದುವೇ ಹೊರತು ಎದೆಯ ಆಳಕ್ಕೆ ಇಳಿಯುತ್ತಿರಲಿಲ್ಲ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರ ಬಂದಮೇಲೆ ಆಳದ ಗಡ್ಡೆಗೂ ಕಿರಣ ಮುಟ್ಟಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿಯೂ, ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ ಮದರಾಸಿನ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ 1954ರಲ್ಲಿಯೂ ಆರಂಭವಾದುವು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೆ 1973ರವರೆಗೆ ಕಾಯಬೇಕಾಯಿತು. ಕೇಂದ್ರದಲ್ಲಿ ಆಹಾರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಡಾ. ಎಂ. ಕೃಷ್ಣಭಾರ್ಗವ. 1980ರಲ್ಲಿ ಅದು ಸ್ವಾಯತ್ತವಾಗಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು; 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯನ್ನೂ ಇಟ್ಟುಕೊಂಡು ಬಂದಿತು. ಅಲ್ಲಿಂದ ಮುಂದೆ ನಮ್ಮ ಹಳ್ಳಿಗಳಲ್ಲಿ ‘ಕಿದ್ವಾಯಿ’ ಎಂಬುದು ಒಬ್ಬ ದೇಶಭಕ್ತರ ಹೆಸರಾಗಿ ಉಳಿಯಲಿಲ್ಲ. ‘ಅವರನ್ನ ಕಿದ್ವಾಯಿಗೆ ಕರ್ಕೊಂಡು ಹೋದ್ರಂತೆ’ ಎಂದರೆ ಮುಂದೆ ಏನನ್ನೂ ಕೇಳಬೇಕಾಗಿರಲಿಲ್ಲ.

ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರು ‘ಕರೆಂಟ್ ಕೊಡೋದು’. ಯಾವ ಸಮಿತಿಯೂ ಕೂತು ಟಂಕಿಸಿದ ಮಾತಲ್ಲ ಇದು. 1902ರಲ್ಲಿಯೇ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದನ್ನು ಕಂಡ ಸೀಮೆಯವರಿಗೆ ಕಣ್ಣಿಗೆ ಕಾಣದ ಶಕ್ತಿಯೆಲ್ಲ ಕರೆಂಟೇ. ತಪ್ಪೆಂದು ನಗುವುದಕ್ಕೆ ಮೊದಲು ಕೀಮೋಥೆರಪಿಯ ಕಥೆಯನ್ನು ಕೇಳಬೇಕು.

ಆ ಕಥೆ ಆರಂಭವಾಗುವುದು ವಿಷದಿಂದ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಸಾಸಿವೆ ಅನಿಲ ರಕ್ತದ ಬಿಳಿಯ ಕಣಗಳನ್ನು ನಾಶಮಾಡುತ್ತದೆಂದು ಕಂಡು, 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಅದರ ಸಂಬಂಧಿಯಾದ ದ್ರವ್ಯವನ್ನು ಒಬ್ಬ ಕ್ಯಾನ್ಸರ್ ರೋಗಿಗೆ ಕೊಟ್ಟರು. ಗಡ್ಡೆ ಕರಗಿತು, ಮತ್ತೆ ಬಂದಿತು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬಹುಪಾಲು ಬಗೆಗಳು ಇಂಥ ಔಷಧಗಳಿಗೆ ಬಹುಕಾಲ ಜಗ್ಗಲಿಲ್ಲ. ಜಗ್ಗಿಸಿದ್ದು ಪ್ಲಾಟಿನಂ. 1965ರಲ್ಲಿ ಮಿಚಿಗನ್ನಿನ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಗಳಿದ್ದ ದ್ರವದಲ್ಲಿ ವಿದ್ಯುತ್ತನ್ನು ಹರಿಸಿ ಏನಾಗುವುದೆಂದು ನೋಡುತ್ತಿದ್ದ. ಅವು ಎರಡಾಗಿ ಒಡೆಯುವುದನ್ನು ನಿಲ್ಲಿಸಿ ದಾರದಂತೆ ಉದ್ದಕ್ಕೆ ಬೆಳೆದುವು. ಕಾರಣ ಹುಡುಕಿದರೆ ವಿದ್ಯುತ್ತಲ್ಲ. ವಿದ್ಯುತ್ತು ಹರಿಸಲು ಇಟ್ಟಿದ್ದ ಪ್ಲಾಟಿನಂ ತಗಡಿನಿಂದ ಕರಗಿ ಬಂದ ವಸ್ತು. ಜೀವಕೋಶ ಒಡೆಯದಂತೆ ತಡೆಯುವುದಾದರೆ ಕ್ಯಾನ್ಸರಿಗೆ ಏಕಾಗಬಾರದು ಎಂದು ಆತ ಮುಂದುವರಿದ. ಹಾಗೆ ಹುಟ್ಟಿದ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಂದಮೇಲೆ ನಮ್ಮವರ ‘ಕರೆಂಟು’ ಕಿರಣಕ್ಕಲ್ಲದಿದ್ದರೂ ಔಷಧಕ್ಕೆ ಹೇಗೋ ಸಲ್ಲುತ್ತದೆ.

ಸಿಸ್‌ಪ್ಲಾಟಿನ್ ಕ್ರೂರವಾದ ಔಷಧ. ಮೂತ್ರಪಿಂಡ ಕೆಡದಂತೆ ಗಂಟೆಗಟ್ಟಲೆ ಉಪ್ಪುನೀರಿನ ಡ್ರಿಪ್ಪು ಹಾಕಿಕೊಂಡೇ ಕೊಡಬೇಕು. ವಾಂತಿಯನ್ನು ತಡೆಯುವ ಒಳ್ಳೆಯ ಮದ್ದುಗಳು ಬರುವವರೆಗೆ ಎಷ್ಟೋ ಮಂದಿ ಅರ್ಧದಲ್ಲೇ ಬಿಟ್ಟು ಊರಿಗೆ ಹಿಂತಿರುಗುತ್ತಿದ್ದರು. ಫಲವೇನು? ಎದೆಯಲ್ಲಿಯೇ ಹಬ್ಬಿ ನಿಂತ ರೋಗಕ್ಕೆ 60 ಗ್ರೇಯಷ್ಟು ಕಿರಣವನ್ನು ವಾರಕ್ಕೆ ಐದು ದಿನದಂತೆ ಆರು ವಾರ, ಮೂವತ್ತು ಸಲ ಹಂಚಿ ಕೊಡುವುದು 1970ರ ದಶಕದಿಂದ ಪದ್ಧತಿಯಾಗಿತ್ತು. 1990ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಕಿರಣಕ್ಕೆ ಮೊದಲು ಸಿಸ್‌ಪ್ಲಾಟಿನ್ ಕೂಡಿದ ಔಷಧ ಕೊಟ್ಟವರಲ್ಲಿ ಮಧ್ಯಮ ಆಯುಸ್ಸು 9.7 ತಿಂಗಳಿನಿಂದ 13.8ಕ್ಕೆ ಏರಿತು. 1999ರಲ್ಲಿ ಜಪಾನಿನವರು ಎರಡನ್ನೂ ಒಂದಾದಮೇಲೊಂದರಂತೆ ಕೊಡದೆ ಒಟ್ಟೊಟ್ಟಿಗೇ ಕೊಟ್ಟು, 13.3ರ ಬದಲು 16.5 ತಿಂಗಳನ್ನು ಕಂಡರು. ದೇಹದ ಇತರ ಭಾಗಗಳಿಗೂ ಹರಡಿದವರಿಗೆ ಲಾಭ ಇನ್ನೂ ಕಡಮೆ. 1995ರಲ್ಲಿ 52 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಿಸ್‌ಪ್ಲಾಟಿನ್ ಪಡೆದ ಅಂಥ ನೂರು ಮಂದಿಯಲ್ಲಿ ವರ್ಷ ಕಳೆದಮೇಲೆ ಬದುಕಿರುವವರು ಹತ್ತು ಜನ ಹೆಚ್ಚು.

ನಾಲ್ಕು ತಿಂಗಳಿಗಾಗಿ ಇಷ್ಟು ಸಂಕಟವೇ ಎಂದು ನಗರದ ಬುದ್ಧಿವಂತರು ಕೇಳುವುದುಂಟು. ನಮ್ಮ ಸೀಮೆಯಲ್ಲಿ ನಾಲ್ಕು ತಿಂಗಳೆಂದರೆ ಬಿತ್ತಿದ ರಾಗಿ ಮನೆಗೆ ಬರುವಷ್ಟು ಕಾಲ.

ಈ ಲೆಕ್ಕವನ್ನು ನಾನು ಕಲಿತದ್ದು ನನ್ನ ಸೋದರಮಾವನಿಂದ. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಬ್ಬು, ಭತ್ತ ಬೆಳೆಯುತ್ತಿದ್ದವರು. ಬೀಡಿ ಅವರ ಕಿವಿಯ ಮೇಲೆಯೇ ಇರುತ್ತಿತ್ತು. 2006ರಲ್ಲಿ ಕೆಮ್ಮು ಹಿಡಿಯಿತು. ತೋರಿಸಿದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಮಬ್ಬು ಕಂಡಿತು. ಕಫದಲ್ಲಿ ಕ್ಷಯದ ಕ್ರಿಮಿ ಕಾಣದಿದ್ದರೂ ಕ್ಷಯದ ಮಾತ್ರೆ ಆರಂಭಿಸಿದರು. ಐದು ತಿಂಗಳು ಅವರು ಒಂದು ದಿನವೂ ತಪ್ಪದೆ ನುಂಗಿದರು. ಧ್ವನಿ ಒಡೆದು ಗೊಗ್ಗರಾದ ಮೇಲೆ ಯಾರೋ ಮೈಸೂರಿಗೆ ಕಳಿಸಿದರು, ಅಲ್ಲಿ ಸ್ಕ್ಯಾನು, ಸೂಜಿಯ ಪರೀಕ್ಷೆ, ಅಲ್ಲಿಂದ ಬೆಂಗಳೂರು. ಆ ಐದು ತಿಂಗಳು ಮೊದಲು ಬಂದಿದ್ದರೆ ಕೊಯ್ದು ತೆಗೆಯಬಹುದಾಗಿತ್ತೆ ಎಂದು ನಮ್ಮತ್ತೆ ಕೇಳಿದಾಗ ಅಲ್ಲಿಯ ಡಾಕ್ಟರು ಕೂಡಲೆ ಉತ್ತರ ಕೊಡಲಿಲ್ಲ.

ಯಶಸ್ವಿನಿಯ ಕಾರ್ಡು ಮಾವನ ಜೇಬಿನಲ್ಲಿತ್ತು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ನಡೆಗೆ ಬಂದ ಆ ಯೋಜನೆ ಎಷ್ಟೋ ಸಂಸಾರಗಳನ್ನು ಉಳಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ರೂಪಿಸಿದ್ದು ಶಸ್ತ್ರಚಿಕಿತ್ಸೆಗಾಗಿ. ಕೊಯ್ಯುವುದಿದ್ದರೆ ಕಾರ್ಡು ನಡೆಯುತ್ತಿತ್ತು. ಕೊಯ್ಯುವ ಹಂತ ದಾಟಿದವರಿಗೆ, ಕರೆಂಟಿಗೂ ಡ್ರಿಪ್ಪಿಗೂ, ನಡೆಯುತ್ತಿರಲಿಲ್ಲ. ಗದ್ದೆಯ ಒಂದು ತುಂಡು ಹೋಯಿತು. ಆರು ವಾರ ಅವರು ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿದ್ದು, ಎರಡು ಬಸ್ಸು ಬದಲಿಸಿ ದಿನವೂ ಹೋಗಿಬಂದರು. ಕಿರಣ ಹಾಯಿಸುವುದು ಕೆಲವೇ ನಿಮಿಷ. ಕಾಯುವುದು ಅರ್ಧ ದಿನ. ‘ಅಲ್ಲ ಕಣಪ್ಪ, ಕರೆಂಟ್ ಕೊಡ್ತೀವಿ ಅಂತಾರೆ, ಮೈ ಬೆಚ್ಚಗೂ ಆಗಾಕಿಲ್ವಲ್ಲ’ ಎಂದು ಮೊದಲ ದಿನ ನಕ್ಕರು. ನಾಲ್ಕನೆಯ ವಾರಕ್ಕೆ ಅನ್ನನಾಳ ಬೆಂದು ಗಂಜಿಯೂ ಇಳಿಯದಾಯಿತು; ಆಗ ನಗಲಿಲ್ಲ. ಆಮೇಲೆ ಮೂರು ವಾರಕ್ಕೊಮ್ಮೆ ಔಷಧ, ನಾಲ್ಕು ಸಲ. ಒಟ್ಟು ಹದಿನಾಲ್ಕು ತಿಂಗಳು ಇದ್ದರು. ಆ ಅವಧಿಯಲ್ಲಿ ಒಂದು ಕಬ್ಬಿನ ಬೆಳೆ ಕಡಿದು ಕಾರ್ಖಾನೆಗೆ ಹೋಯಿತು, ಕಿರಿಯ ಮಗಳ ಮದುವೆಯಾಯಿತು. ಧಾರೆಯನ್ನು ಅವರೇ ಎರೆದರು. ಪರೀಕ್ಷೆಗಳ ವರದಿಗಳಲ್ಲಿ ಮಧ್ಯಮ ಆಯುಸ್ಸು ಎಂದು ಅಚ್ಚಾಗುವ ಅಂಕಿಗೆ ಹಳ್ಳಿಯ ಮನೆಯೊಂದರಲ್ಲಿ ಏನೇನು ಹಿಡಿಸುತ್ತದೆಂಬುದನ್ನು ನಾನು ಕಂಡದ್ದು ಆಗ.

ಅವರು ಹೋದ ಮೇಲಿನ ವರ್ಷಗಳಲ್ಲಿ ಈ ಚರಿತ್ರೆ ಅದಕ್ಕೆ ಹಿಂದಿನ ಐವತ್ತು ವರ್ಷಗಳಿಗಿಂತ ವೇಗವಾಗಿ ನಡೆದಿದೆ. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡವರ ಕ್ಯಾನ್ಸರ್ ಚಿಕಿತ್ಸೆಯನ್ನು ಒಳಗೊಂಡಿತು; 2018ರಲ್ಲಿ ಆರೋಗ್ಯ ಕರ್ನಾಟಕ ಬಂದಿತು. ಅದೇ 2010ರಲ್ಲಿ ಬಾಸ್ಟನ್ನಿನ ವೈದ್ಯರು, ಹರಡಿದ ರೋಗವಿರುವವರಿಗೆ ಕೀಮೋಥೆರಪಿಯ ಜೊತೆಗೆ ಆರಂಭದಿಂದಲೇ ನೋವು, ಉಸಿರಾಟ, ಮನಸ್ಸಿನ ಕಳವಳಗಳ ಶಮನಕ್ಕೂ ಗಮನ ಕೊಟ್ಟರೆ, ಬದುಕು ಸಹ್ಯವಾಗುವುದಲ್ಲದೆ ಆಯುಸ್ಸೂ 8.9 ತಿಂಗಳಿನಿಂದ 11.6ಕ್ಕೆ ಏರುತ್ತದೆಂದು ತೋರಿಸಿದರು. ಯಾವ ಹೊಸ ಔಷಧವೂ ಇಲ್ಲದೆ ಗಳಿಸಿದ ತಿಂಗಳುಗಳವು. ಆದರೂ ಹೊಸ ಔಷಧಗಳಿಗೆ ಸಿಕ್ಕ ಪ್ರಚಾರ ಅದಕ್ಕೆ ಸಿಗಲಿಲ್ಲವೆಂಬುದು ನನ್ನ ದೂರು. ಎದೆಯಲ್ಲೇ ನಿಂತ ರೋಗಕ್ಕೆ ಕಿರಣ, ಕೀಮೋ ಎರಡೂ ಮುಗಿದ ಬಳಿಕ ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಡರ್ವಾಲುಮಾಬ್ ಕೊಟ್ಟರೆ ಐದು ವರ್ಷದ ಮೇಲೂ ನೂರಕ್ಕೆ ಸುಮಾರು 43 ಮಂದಿ ಬದುಕಿರುತ್ತಾರೆ, ಕೊಡದಿದ್ದರೆ 33 ಎಂದು 2017ರಿಂದ ಪ್ರಕಟವಾಗುತ್ತ ಬಂದ ಪರೀಕ್ಷೆಯೊಂದು ಹೇಳಿದೆ. ತಿಂಗಳುಗಳ ಲೆಕ್ಕ ವರ್ಷಗಳಿಗೆ ತಿರುಗಿದ್ದು ಹೀಗೆ. ಅದರ ಬೆಲೆ ಮಾತ್ರ ಸಾಮಾನ್ಯ ರೈತನ ಊಹೆಗೂ ಮೀರಿದ್ದು.

ಇನ್ನೊಂದು ಬದಲಾವಣೆ ನಮ್ಮ ಮೊದಲನೆಯ ಚರಿತ್ರೆಯನ್ನು ನೆನಪಿಗೆ ತರುತ್ತದೆ. 2004ರಲ್ಲಿ ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನಲ್ಲಿ ಒಂದು ಬಗೆಯ ಮಾರ್ಪಾಟಿರುವುದು ತಿಳಿಯಿತು. ಬೀಡಿ, ಸಿಗರೇಟು ಮುಟ್ಟದವರಲ್ಲಿ, ಹೆಂಗಸರಲ್ಲಿ, ನಮ್ಮ ಏಷ್ಯದವರಲ್ಲಿ ಇದು ಹೆಚ್ಚು. ಅಂಥವರಿಗೆ ಜೆಫಿಟಿನಿಬ್ ಎಂಬ ಮಾತ್ರೆ, ದಿನಕ್ಕೊಂದು, ಮನೆಯಲ್ಲಿಯೇ. ಆ ಮಾತ್ರೆಗೆ ಕೀಮೋಥೆರಪಿಯನ್ನೂ ಕೂಡಿಸಿದರೆ ರೋಗ ತಡೆದು ನಿಲ್ಲುವ ಕಾಲ 8 ತಿಂಗಳಿನಿಂದ 16ಕ್ಕೆ ಏರುತ್ತದೆಂದು 2020ರಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ನಮ್ಮ ಮುಂಬಯಿಯ ಟಾಟಾ ಆಸ್ಪತ್ರೆಯವರೇ. 2025ರಲ್ಲಿ ರಾಜ್ಯ ಸರ್ಕಾರವೂ ಜಿಲ್ಲಾ ಆಸ್ಪತ್ರೆಗಳಲ್ಲಿ, ಬೆಳಿಗ್ಗೆ ಬಂದು ಡ್ರಿಪ್ಪು ಹಾಕಿಸಿಕೊಂಡು ಸಂಜೆಗೆ ಮನೆಗೆ ಹೋಗಬಹುದಾದ ಕೀಮೋಥೆರಪಿ ಕೇಂದ್ರಗಳನ್ನು ತೆರೆಯತೊಡಗಿತು. ಮದರಾಸಿನವರು 1959ರಲ್ಲಿ ಕ್ಷಯಕ್ಕೆ ಮಾಡಿ ತೋರಿಸಿದ್ದು ಅರವತ್ತು ವರ್ಷಕ್ಕೂ ಮೀರಿದ ಮೇಲೆ ಇದಕ್ಕೂ ಅಲ್ಪಸ್ವಲ್ಪ ಬರುತ್ತಿದೆ. ಕಫವನ್ನು ಹಾಕಿದರೆ ಎರಡು ಗಂಟೆಯಲ್ಲಿ ಕ್ಷಯದ ಕ್ರಿಮಿ ಉಂಟೋ ಇಲ್ಲವೋ ಹೇಳುವ ಯಂತ್ರಗಳೂ ಬಂದಿವೆ. ಮಬ್ಬನ್ನು ನೋಡಿ ಊಹೆಯಿಂದ ಮಾತ್ರೆ ಕೊಡಬೇಕಾದ ಕಾರಣ ಈಗಿಲ್ಲ. ಆದರೂ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ ತಡವಾಗಿ ಬರುವ ಕ್ಯಾನ್ಸರ್ ರೋಗಿಗಳ ಮಾತನ್ನು ನಮ್ಮ ದೇಶದ ವೈದ್ಯಪತ್ರಿಕೆಗಳು ಇನ್ನೂ ಬರೆಯುತ್ತಲೇ ಇವೆ.

ಮನೆಗೆ ಬರಲಾರದ್ದೆಂದರೆ ಕಿರಣ. ಅದಕ್ಕೆ ದಪ್ಪನೆಯ ಕಾಂಕ್ರೀಟಿನ ಕೋಣೆ ಬೇಕು, ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕು, ಅದನ್ನು ಅಳೆದು ನಡೆಸುವ ಭೌತಶಾಸ್ತ್ರಜ್ಞರು ಬೇಕು. ರೋಗಿಯೇ ಅದರ ಬಳಿಗೆ ಹೋಗಬೇಕು, ಒಂದು ಸಲವಲ್ಲ, ಮೂವತ್ತು ಸಲ. ರೈಲ್ವೆಯವರು ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವವರಿಗೂ ಟಿಕೇಟಿನಲ್ಲಿ ರಿಯಾಯಿತಿ ಕೊಡುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಇದು ಒದಗಿ ಬರುತ್ತದೆ. ನಾಗಮಂಗಲ ತಾಲ್ಲೂಕಿಗೆ 2017ರಲ್ಲಿ ಹಾಸನದ ಹೊಸ ಮಾರ್ಗ ಪೂರ್ಣಗೊಂಡಾಗ ಬಿ.ಜಿ. ನಗರದಲ್ಲಿ ಒಂದು ನಿಲ್ದಾಣ ಸಿಕ್ಕಿತು. ನಾಗಮಂಗಲ ಪಟ್ಟಣಕ್ಕೂ ಕೃಷ್ಣರಾಜಪೇಟೆ ಪಟ್ಟಣಕ್ಕೂ ರೈಲಿಲ್ಲ. ಅಲ್ಲಿಯವರು ರೈಲು ಹಿಡಿಯಬೇಕಾದರೆ ಮೊದಲು ಬಸ್ಸು ಹಿಡಿಯಬೇಕು.